‘ನಾವು’ ಎನ್ನುವ ಮಾತು ಯಾರ ಪಾಲಿಗೆ? ‘ರೀಮ್ಸಿಗೆ ಮರಳಿ’ ಕೃತಿ ಮತ್ತು ಫ್ರಾನ್ಸಿನ ತೀವ್ರ ಬಲಪಂಥೀಯ ಮತ

ಯುರೋಪಿನ ಚುನಾವಣೆಗಳಲ್ಲಿ ತೀವ್ರ ಬಲಪಂಥೀಯ ಪಕ್ಷಗಳು ಬೆಳೆದು ಬಂದ ಬಗೆಯನ್ನು ವಿವರಿಸುವ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗುತ್ತದೆ. ಮೊದಲನೆಯದು ಲೆಕ್ಕದ ದಾರಿ. ಎದುರಾಳಿಗಳು ಹೋಳಾದರು, ಮತಗಳು ಚದುರಿದವು, ಹಾಗಾಗಿ ಅಲ್ಪಸಂಖ್ಯೆಯ ಬೆಂಬಲವಿದ್ದವರು ಮುಂದೆ ಬಂದರು ಎಂದು ಅದು ಹೇಳುತ್ತದೆ. ಎರಡನೆಯದು ಬದುಕಿನ ದಾರಿ. ನಿನ್ನೆಯವರೆಗೆ ಎಡಪಕ್ಷದ ಕೈಹಿಡಿದಿದ್ದ ಮನೆಯೊಂದು ಇಂದು ಏಕೆ ಅದರ ಕೈಬಿಟ್ಟಿತು ಎಂದು ಅದು ಕೇಳುತ್ತದೆ. ಫ್ರೆಂಚ್ ಚಿಂತಕ ದಿದಿಯೆ ಎರಿಬೋನ್ ಅವರು 2009ರಲ್ಲಿ ಪ್ರಕಟಿಸಿದ ‘ರೀಮ್ಸಿಗೆ ಮರಳಿ’ ಈ ಎರಡನೆಯ ದಾರಿಯಲ್ಲಿ ಅತಿ ಹೆಚ್ಚು ಓದುಗರನ್ನು ಪಡೆದ ಕೃತಿಗಳಲ್ಲೊಂದು. ಅದು ಏನನ್ನು ವಿವರಿಸುತ್ತದೆ, ಏನನ್ನು ವಿವರಿಸಿದೆಯೆಂದು ಅದರ ಓದುಗರು ನಂಬಿದ್ದಾರೆ, ಈ ಎರಡರ ನಡುವಿನ ಅಂತರವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೃತಿಯ ಪ್ರಯಾಣವೇ ಈ ಪ್ರಶ್ನೆಯನ್ನು ಎತ್ತುತ್ತದೆ. ಮೈಕೆಲ್ ಲೂಸಿ ಅವರ ಇಂಗ್ಲಿಷ್ ಅನುವಾದ 2013ರಲ್ಲಿ ಬಂದಿತು. 2016ರಲ್ಲಿ ಪ್ರಕಟವಾದ ಜರ್ಮನ್ ಅನುವಾದವು ಆ ದೇಶದಲ್ಲಿ ಅಪಾರ ಮಾರಾಟ ಕಂಡಿತು. ಆಗ ಜರ್ಮನಿಯಲ್ಲಿ ‘ಜರ್ಮನಿಗಾಗಿ ಪರ್ಯಾಯ’ ಪಕ್ಷ ಬೆಳೆಯುತ್ತಿತ್ತು. ಮರುವರ್ಷ ಅದು ಶೇ. 12.6 ಮತ ಗಳಿಸಿ ಮೊದಲ ಬಾರಿಗೆ ಒಕ್ಕೂಟ ಸಂಸತ್ತನ್ನು ಪ್ರವೇಶಿಸಿತು. ಬರ್ಲಿನ್ನಿನ ನಿರ್ದೇಶಕ ಥಾಮಸ್ ಓಸ್ಟರ್‌ಮಾಯರ್ 2017ರಲ್ಲಿ ಕೃತಿಯನ್ನು ರಂಗಕ್ಕೆ ತಂದರು. 2021ರಲ್ಲಿ ಜಾಂ-ಗಾಬ್ರಿಯೆಲ್ ಪೆರಿಯೊ ಅದನ್ನು ಆಧರಿಸಿ ಚಿತ್ರ ಮಾಡಿದರು. ತಂದೆಯ ಸಾವಿನ ನಂತರ ಮಗನೊಬ್ಬ ಬರೆದ ಕೌಟುಂಬಿಕ ಚಿಂತನೆ ಹೀಗೆ ಕೆಲವೇ ವರ್ಷಗಳಲ್ಲಿ ಒಂದು ಖಂಡದ ರಾಜಕೀಯವನ್ನು ತೆರೆಯುವ ಕೀಲಿಕೈ ಎನಿಸಿಕೊಂಡಿತು. ಕೃತಿ ಆ ಹೊರೆಯನ್ನು ತಾನಾಗಿ ಹೊತ್ತದ್ದಲ್ಲ. ಓದುಗರು ಅದರ ಮೇಲೆ ಹೊರಿಸಿದ್ದು.

ಎರಡು ನಾಚಿಕೆ, ಒಂದು ಮಾತು

ಎರಿಬೋನ್ 1953ರಲ್ಲಿ ರೀಮ್ಸ್ ನಗರದ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದವರು. ತಂದೆ ಕಾರ್ಖಾನೆಯ ಕೆಲಸಗಾರ; ತಾಯಿ ಮೊದಲು ಮನೆಗೆಲಸ, ಆಮೇಲೆ ಕಾರ್ಖಾನೆಯ ದುಡಿಮೆ ಮಾಡಿದವರು. ಮಗ ಪ್ಯಾರಿಸಿಗೆ ಹೋಗಿ ಪತ್ರಕರ್ತನಾಗಿ, ಮಿಶೆಲ್ ಫೂಕೊ ಅವರ ಜೀವನಚರಿತ್ರೆಕಾರನಾಗಿ, ಸಲಿಂಗಿಗಳ ಅನುಭವದ ಬಗೆಗೆ ಬರೆದ ಸಿದ್ಧಾಂತಿಯಾಗಿ ಹೆಸರು ಪಡೆದರು. ತಂದೆಯ ಅಂತ್ಯಕ್ರಿಯೆಗೆ ಅವರು ಹೋಗಲಿಲ್ಲ. ಅನಂತರ ತಾಯಿಯನ್ನು ಕಾಣಲು ಹೋದಾಗ ಆರಂಭವಾದ ಮಾತುಕತೆಯೇ ಕೃತಿಯ ಬೀಜ. ಲೈಂಗಿಕತೆಗೆ ಸಂಬಂಧಿಸಿದ ನಾಚಿಕೆಯ ಬಗೆಗೆ ಇಷ್ಟೊಂದು ಬರೆದ ತಾನು, ಹುಟ್ಟಿದ ವರ್ಗಕ್ಕೆ ಸಂಬಂಧಿಸಿದ ನಾಚಿಕೆಯ ಬಗೆಗೆ ಒಂದು ಸಾಲನ್ನೂ ಏಕೆ ಬರೆಯಲಿಲ್ಲ ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆ. ಮೊದಲನೆಯದನ್ನು ಹೇಳಲು ಒಂದು ಚಳವಳಿ ಭಾಷೆಯನ್ನು ಸಿದ್ಧಪಡಿಸಿಕೊಟ್ಟಿತ್ತು. ಎರಡನೆಯದನ್ನು ಹೇಳುವ ಭಾಷೆ ಅವರ ಕಾಲದ ವಿದ್ವತ್ ಲೋಕದಲ್ಲಿ ಸವೆದುಹೋಗಿತ್ತು.

ಈ ಪತ್ರಿಕೆಯ ಓದುಗರು ವಿಶೇಷವಾಗಿ ಗಮನಿಸಬೇಕಾದ ಭಾಗ ಮಾತಿನ ಕುರಿತಾದದ್ದು. ಶಾಲೆಯಲ್ಲಿ ಮುಂದುವರಿಯಲು ಎರಿಬೋನ್ ತಮ್ಮ ಊರಿನ ಉಚ್ಚಾರ, ಮನೆಯ ಪದಗಳು, ವಾಕ್ಯದ ಬಳಕೆ ಎಲ್ಲವನ್ನೂ ತಿದ್ದಿಕೊಳ್ಳಬೇಕಾಯಿತು. ಅವರು ಬಿಟ್ಟದ್ದು ಫ್ರೆಂಚನ್ನಲ್ಲ, ಫ್ರೆಂಚಿನೊಳಗಿನ ಒಂದು ನೆಲೆಯನ್ನು. ಆದರೂ ಮನೆಗೆ ಮರಳಿದಾಗ ಎರಡು ನುಡಿಗಳ ನಡುವೆ ಓಡಾಡುವವನ ಎಚ್ಚರ ಅವರಿಗೆ ಬೇಕಾಗುತ್ತದೆ. ಪಿಯೆರ್ ಬೋರ್ಡ್ಯೂ ಇದನ್ನು ಸೀಳಿದ ಅಭ್ಯಾಸಲೋಕ ಎಂಬರ್ಥದಲ್ಲಿ ಗುರುತಿಸಿದ್ದರು. ಆನಿ ಎರ್ನೊ 1983ರಷ್ಟು ಹಿಂದೆಯೇ ತಂದೆಯ ಬದುಕನ್ನು ಕುರಿತ ಕಿರುಕೃತಿಯಲ್ಲಿ ಈ ಸೀಳನ್ನು ಅಲಂಕಾರವಿಲ್ಲದ ಗದ್ಯದಲ್ಲಿ ದಾಖಲಿಸಿದ್ದರು. ಮನೆಯ ಕನ್ನಡ, ಪಠ್ಯಪುಸ್ತಕದ ಕನ್ನಡ, ರಾಜ್ಯಭಾಷೆ, ವಿದ್ವತ್ತಿನ ಇಂಗ್ಲಿಷ್ ಇವುಗಳ ನಡುವೆ ದಿನವೂ ದಾಟುವ ಗಡಿನಾಡಿನ ಅಧ್ಯಾಪಕರಿಗೆ ಈ ಪುಟಗಳು ಅಪರಿಚಿತವೆನಿಸಲಾರವು. ಆದರೆ ವ್ಯತ್ಯಾಸವನ್ನು ಮರೆಯಬಾರದು. ನುಡಿ ಅಲ್ಪಸಂಖ್ಯಾತನಿಗೆ ತಾನು ಕಳೆದುಕೊಳ್ಳುತ್ತಿರುವುದಕ್ಕೆ ಒಂದು ಹೆಸರಿದೆ, ಅದರ ಹಿಂದೆ ಒಂದು ಸಮುದಾಯವಿದೆ. ಎರಿಬೋನ್ ಬಿಟ್ಟುಬಂದ ಮಾತಿಗೆ ಹೆಸರಿಲ್ಲ. ಅದನ್ನು ಉಳಿಸಬೇಕೆಂದು ಯಾವ ಸಂಘವೂ ಕೇಳುವುದಿಲ್ಲ.

ಮಾತು ಹೋದಲ್ಲಿ ಮತ ಹೋಯಿತೆ?

ಕೃತಿಯ ರಾಜಕೀಯ ವಾದ ನಿಂತಿರುವುದು ಈ ನೆಲದ ಮೇಲೆಯೇ. ಎರಿಬೋನರ ಬಾಲ್ಯದ ಮನೆಯಲ್ಲಿ ‘ಪಕ್ಷ’ ಎಂದರೆ ಕಮ್ಯುನಿಸ್ಟ್ ಪಕ್ಷ. ಸೋವಿಯತ್ ಒಕ್ಕೂಟದ ಮೇಲಿನ ಒಲವಿಗಿಂತ ಹೆಚ್ಚಾಗಿ, ಮೇಲಿನವರ ಎದುರು ‘ನಾವು’ ಎಂದು ಎದೆಯೆತ್ತಿ ಹೇಳುವ ಬಗೆಯಾಗಿತ್ತು ಆ ಮತ. ಮುಂದೆ ಅದೇ ಮನೆಯ ಮಂದಿ ನ್ಯಾಷನಲ್ ಫ್ರಂಟ್‌ಗೆ ಮತ ಹಾಕತೊಡಗಿದರು. ಮೊದಲು ಅಲ್ಲಗಳೆದ ತಾಯಿ, ಆಮೇಲೆ, ಒಮ್ಮೆ ಹಾಗೆ ಮಾಡಿದ್ದುಂಟು, ಅದು ಎಚ್ಚರಿಕೆ ಕೊಡಲಿಕ್ಕಾಗಿ ಎಂದು ಒಪ್ಪಿಕೊಳ್ಳುತ್ತಾರೆ.

ಎರಿಬೋನರ ವಿವರಣೆಯಲ್ಲಿ ಮೂರು ಹೆಜ್ಜೆಗಳಿವೆ. 1981ರಲ್ಲಿ ಅಧಿಕಾರಕ್ಕೆ ಬಂದ ಸಮಾಜವಾದಿಗಳು ಮತ್ತು ಅವರ ಸುತ್ತಲಿನ ಬುದ್ಧಿಜೀವಿಗಳು ಶೋಷಣೆ, ವರ್ಗ, ಪ್ರತಿರೋಧ ಎಂಬ ಪದಗಳನ್ನು ಬಿಟ್ಟು ವ್ಯಕ್ತಿಯ ಹೊಣೆ, ಆಧುನೀಕರಣ, ಸಹಬಾಳ್ವೆ ಎಂಬ ಪದಗಳನ್ನು ಹಿಡಿದರು. ಇದು ಮೊದಲ ಹೆಜ್ಜೆ. ವರ್ಗದ ಪದ ಹೋದೊಡನೆ ವರ್ಗವೇನೂ ಮಾಯವಾಗಲಿಲ್ಲ. ಅದು ತನ್ನನ್ನು ಹೇಳಿಕೊಳ್ಳುವ ಬಾಯಿಯನ್ನು ಕಳೆದುಕೊಂಡಿತು, ಆ ಬಾಯಿ ತಾನೆಂದು ನ್ಯಾಷನಲ್ ಫ್ರಂಟ್ ಮುಂದೆ ಬಂದಿತು. ಇದು ಎರಡನೆಯದು. ಜನಾಂಗ ದ್ವೇಷ ಆ ಮನೆಗಳಲ್ಲಿ ಮೊದಲೂ ಇತ್ತು, ಎಡಕ್ಕೆ ಮತ ಹಾಕುವಾಗಲೂ ಇತ್ತು. ಆದರೆ ಅದು ಆಗ ರಾಜಕೀಯದ ನಡುಗಂಬವಾಗಿರಲಿಲ್ಲ, ಈಗ ಆಯಿತು. ಇದು ಮೂರನೆಯದು. ಸಾರ್ತ್ರೆಯ ಪರಿಕಲ್ಪನೆಗಳನ್ನು ಬಳಸಿ ಅವರು ಒಂದು ಭೇದವನ್ನೂ ಸೂಚಿಸುತ್ತಾರೆ: ಹಿಂದಿನ ಮತ ಒಂದು ಗುಂಪು ಒಟ್ಟಾಗಿ ನೀಡಿದ್ದು; ಇಂದಿನದು ಸಾಲಿನಲ್ಲಿ ನಿಂತ ಒಂಟಿ ವ್ಯಕ್ತಿಗಳ ಮತಗಳ ಮೊತ್ತ.

ಮೂರನೆಯ ಹೆಜ್ಜೆ ಈ ಕೃತಿಯ ನಿಜವಾದ ಸಂಪತ್ತು. ಬಡವರು ಸಹಜವಾಗಿಯೇ ಒಳ್ಳೆಯವರು, ಅವರನ್ನು ಯಾರೋ ಕೆಡಿಸಿದರು ಎಂಬ ಹಳೆಯ ಎಡಪಂಥೀಯ ಸಮಾಧಾನವನ್ನೂ, ಬಡವರು ಮೂಲತಃ ಅಸಹನಶೀಲರು ಎಂಬ ಮೇಲ್ವರ್ಗದ ತಿರಸ್ಕಾರವನ್ನೂ ಅದು ಒಟ್ಟಿಗೇ ನಿರಾಕರಿಸುತ್ತದೆ. ಮನುಷ್ಯನ ಅನುಭವ ತಾನಾಗಿ ರಾಜಕೀಯವಾಗುವುದಿಲ್ಲ; ಅದಕ್ಕೆ ಅರ್ಥ ಕೊಡುವ ಚೌಕಟ್ಟು ಬೇಕು. ಒಂದೇ ಅಭಾವವನ್ನು ‘ಮಾಲೀಕರು ಮತ್ತು ನಾವು’ ಎಂದೂ ಓದಬಹುದು, ‘ಹೊರಗಿನವರು ಮತ್ತು ನಾವು’ ಎಂದೂ ಓದಬಹುದು.

2002ರ ಅಧ್ಯಕ್ಷೀಯ ಚುನಾವಣೆಯ ಎರಡು ಪ್ರಸಂಗಗಳು ಈ ವಾದಕ್ಕೆ ಬಲ ಕೊಡುವಂತೆ ತೋರುತ್ತವೆ. ಸಮಾಜವಾದಿ ಪ್ರಧಾನಿ ಲಿಯೊನೆಲ್ ಜೋಸ್ಪಾಂ ತಮ್ಮ ಉಮೇದುವಾರಿಕೆಯ ಆರಂಭದಲ್ಲೇ, ತಾನು ದೇಶದ ಮುಂದಿಡುತ್ತಿರುವುದು ಸಮಾಜವಾದಿ ಯೋಜನೆಯಲ್ಲ ಎಂದು ಹೇಳಿದ್ದರು. ಅವರದೇ ಪಕ್ಷದ ಹಿರಿಯ ಪಿಯೆರ್ ಮೊರ್ವಾ, ಕಾರ್ಮಿಕ ಎಂಬುದು ಬಾಯಲ್ಲಿ ಬರಬಾರದ ಪದವೇನಲ್ಲ ಎಂದು ಎಚ್ಚರಿಸಬೇಕಾಯಿತು.

ಲೆಕ್ಕ ಹೇಳುವುದೇನು?

ಹಾಗಿದ್ದರೂ 2002ರ ಏಪ್ರಿಲ್ 21ರ ಅಂಕಿಗಳನ್ನು ಕೃತಿಯ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಆ ದಿನ ಮೊದಲ ಸುತ್ತಿನಲ್ಲಿ 16 ಮಂದಿ ಕಣದಲ್ಲಿದ್ದರು. ಜಾಕ್ ಶಿರಾಕ್ ಶೇ. 19.88, ಜಾಂ-ಮಾರಿ ಲೆ ಪೆನ್ ಶೇ. 16.86, ಜೋಸ್ಪಾಂ ಶೇ. 16.18 ಮತ ಪಡೆದರು. ಲೆ ಪೆನ್ ಅವರಿಗೂ ಜೋಸ್ಪಾಂ ಅವರಿಗೂ ಇದ್ದ ಅಂತರ ಎರಡು ಲಕ್ಷಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಶೆವೆನ್‌ಮಾಂ ಶೇ. 5.33, ಹಸಿರು ಪಕ್ಷದ ಮಾಮೇರ್ ಶೇ. 5.25, ಕಮ್ಯುನಿಸ್ಟ್ ಪಕ್ಷದ ಊ ಶೇ. 3.37, ಕ್ರಿಸ್ತಿಯಾನ್ ತೋಬಿರಾ ಶೇ. 2.32 ಮತ ಗಳಿಸಿದ್ದರು. ಇವರೆಲ್ಲ ಐದು ವರ್ಷ ಜೋಸ್ಪಾಂ ನಡೆಸಿದ ‘ಬಹುರೂಪಿ ಎಡ’ ಸರ್ಕಾರದ ಅಂಗಪಕ್ಷಗಳಿಂದಲೇ ಹೊರಟವರು. ತೋಬಿರಾ ಒಬ್ಬರಿಗೇ ಬಂದ 6.6 ಲಕ್ಷ ಮತ ಆ ಅಂತರದ ಮೂರುಪಟ್ಟಿಗಿಂತ ಹೆಚ್ಚು. ಎಡದ ಎಂಟು ಅಭ್ಯರ್ಥಿಗಳ ಮತ ಕೂಡಿಸಿದರೆ ಸುಮಾರು ಶೇ. 43 ಆಗುತ್ತದೆ.

ಇನ್ನೂ ಮುಖ್ಯವಾದುದು 1995ರೊಂದಿಗಿನ ಹೋಲಿಕೆ. ಆ ವರ್ಷ ಲೆ ಪೆನ್ ಶೇ. 15 ಮತ ಪಡೆದು ನಾಲ್ಕನೆಯವರಾಗಿದ್ದರು, ಜೋಸ್ಪಾಂ ಶೇ. 23.30 ಪಡೆದು ಮೊದಲಿಗರಾಗಿದ್ದರು. ಏಳು ವರ್ಷಗಳಲ್ಲಿ ಲೆ ಪೆನ್ ಅವರ ಮತ ಹೆಚ್ಚಿದ್ದು ಎರಡೂಕಾಲು ಲಕ್ಷದ ಆಸುಪಾಸಿನಷ್ಟು ಮಾತ್ರ. ಮತ ಹಾಕದೆ ಉಳಿದವರ ಪ್ರಮಾಣವಾದರೋ ಶೇ. 21.6ರಿಂದ ಶೇ. 28.4ಕ್ಕೆ ಏರಿತು. ಅಂದರೆ ಫ್ರಾನ್ಸ್ ಬೆಚ್ಚಿಬಿದ್ದ ಆ ರಾತ್ರಿ ಕುಸಿದದ್ದು ಒಂದು ಕಡೆ, ಏರಿದಂತೆ ಕಂಡದ್ದು ಇನ್ನೊಂದು ಕಡೆ. ನಿಜವಾದ ಏರಿಕೆ ಬಂದದ್ದು ಆಮೇಲೆ: ಮರೀನ್ ಲೆ ಪೆನ್ ಮೊದಲ ಸುತ್ತಿನಲ್ಲಿ 2012ರಲ್ಲಿ ಶೇ. 17.9, 2017ರಲ್ಲಿ ಶೇ. 21.3, 2022ರಲ್ಲಿ ಶೇ. 23.15 ಮತ ಪಡೆದರು. ಎರಡನೆಯ ಸುತ್ತಿನ ಹೆಜ್ಜೆಗಳು ಇನ್ನೂ ದೊಡ್ಡವು. ತಂದೆಗೆ 2002ರಲ್ಲಿ ಶೇ. 17.79, ಮಗಳಿಗೆ 2017ರಲ್ಲಿ ಶೇ. 33.9, 2022ರಲ್ಲಿ ಶೇ. 41.45. ಎದುರಾಳಿಗಳ ಒಡಕು 2002ನ್ನು ವಿವರಿಸುತ್ತದೆ. ಈ ಎರಡನೆಯ ಸುತ್ತಿನ ಅಂಕಿಗಳನ್ನು ಅದು ವಿವರಿಸಲಾರದು. ಬೆಳವಣಿಗೆ ಮತ್ತು ಒಡಕು ಎರಡು ಬೇರೆ ಸಂಗತಿಗಳು. ಅವನ್ನು ಒಂದೇ ಕತೆಯಾಗಿ ಹೇಳುವುದು ಲೆಕ್ಕದ ದಾರಿಯವರೂ ಬದುಕಿನ ದಾರಿಯವರೂ ಸಮಾನವಾಗಿ ಮಾಡುವ ಸರಳೀಕರಣ.

ಇದೇ ಅಂಕಿಗಳಲ್ಲಿ ಎರಿಬೋನರ ವಾದಕ್ಕೆ ನೇರ ಸವಾಲಾಗುವ ಸಂಗತಿಯೊಂದಿದೆ. ಆ ಚುನಾವಣೆಯಲ್ಲಿ ‘ಕಾರ್ಮಿಕ’ ಎಂಬ ಪದ ಮತಗಟ್ಟೆಯಿಂದ ಮಾಯವಾಗಿರಲಿಲ್ಲ. ಆರ್ಲೆಟ್ ಲಾಗಿಯೆ ಅವರ ಪಕ್ಷದ ಹೆಸರೇ ‘ಕಾರ್ಮಿಕ ಹೋರಾಟ’, ಅವರಿಗೆ ಶೇ. 5.72 ಮತ ಬಂದಿತ್ತು. ಮೂವರು ಟ್ರಾಟ್ಸ್ಕಿವಾದಿಗಳು ಒಟ್ಟಾಗಿ ಶೇ. 10ಕ್ಕಿಂತ ಹೆಚ್ಚು ಪಡೆದರು. ವರ್ಗದ ಭಾಷೆಯನ್ನು ಅತ್ಯಂತ ನಿಷ್ಠುರವಾಗಿ ಆಡುತ್ತಿದ್ದವರು ಇವರೇ. ಇವರಲ್ಲಿ ಇಬ್ಬರು, ಲಾಗಿಯೆ ಮತ್ತು ಬೆಸಾನ್ಸನೊ, ಶತಮಾನದ ಮಧ್ಯದಲ್ಲಿ ಕಾರ್ಮಿಕರ ಮನೆಮಾತಾಗಿದ್ದ ಕಮ್ಯುನಿಸ್ಟ್ ಪಕ್ಷವನ್ನು ಹಿಂದಿಕ್ಕಿದರು. 1969ರಲ್ಲಿ ಶೇ. 21ಕ್ಕಿಂತ ಹೆಚ್ಚು ಮತ ಪಡೆದಿದ್ದ ಪಕ್ಷವದು. ಆದ್ದರಿಂದ ಕೊರತೆಯಿದ್ದದ್ದು ಪದದ್ದಲ್ಲ. ಪದವನ್ನು ಹೊತ್ತು ಬೀದಿಬೀದಿಗೆ, ಕಾರ್ಖಾನೆಯ ಗೇಟಿಗೆ, ನಗರಸಭೆಗೆ ತಲುಪಿಸುತ್ತಿದ್ದ ಶರೀರದ್ದು: ಶಾಖೆ, ಒಕ್ಕೂಟ, ಪತ್ರಿಕೆ, ಬೇಸಿಗೆ ಶಿಬಿರ, ನೆರೆಯ ಕಾರ್ಯಕರ್ತ. ಎರಿಬೋನ್ ಬುದ್ಧಿಜೀವಿಗಳ ಮಾತಿನ ಬದಲಾವಣೆಯನ್ನು ಬಹಳ ಚುರುಕಾಗಿ ಹಿಡಿಯುತ್ತಾರೆ, ಏಕೆಂದರೆ ಅದು ಅವರು ಬಾಳಿದ ಲೋಕ. ಈ ಶರೀರದ ಕ್ಷಯವನ್ನು ಸೂಚಿಸುತ್ತಾರಷ್ಟೆ, ಬಿಡಿಸಿ ನೋಡುವುದಿಲ್ಲ. ಜೊತೆಗೆ ಅವರ ಪುಟಗಳಲ್ಲಿ ‘ಎಡ’ ಎಂಬುದು ಬಹುಮಟ್ಟಿಗೆ ಒಂದೇ ವ್ಯಕ್ತಿಯಂತೆ ಕೈಬಿಡುತ್ತದೆ, ಮರೆಯುತ್ತದೆ, ದ್ರೋಹ ಮಾಡುತ್ತದೆ. 2002ರಲ್ಲಿ ಅಂಥ ಒಂದು ‘ಎಡ’ ಇರಲೇ ಇಲ್ಲ, ಎಂಟಿದ್ದವು.

ಒಂದು ಮನೆಯ ಸಾಕ್ಷ್ಯ

ಎರಡನೆಯ ಆಕ್ಷೇಪ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಕೆಂಪು ಮನೆ ಕಂದು ಮನೆಯಾಯಿತು ಎಂಬ ಚಿತ್ರ ಫ್ರೆಂಚ್ ರಾಜ್ಯಶಾಸ್ತ್ರದಲ್ಲಿ ಮೊದಲೇ ವಿವಾದದ ವಸ್ತು. 1990ರ ದಶಕದಲ್ಲಿ ಪಾಸ್ಕಲ್ ಪೆರಿನೊ ಇದನ್ನು ‘ಎಡ-ಲೆಪೆನಿಸಂ’ ಎಂಬರ್ಥದ ಪದದಿಂದ ಹೆಸರಿಸಿದರು. ನೊನ್ನಾ ಮಾಯರ್ ‘ಕಾರ್ಮಿಕ-ಲೆಪೆನಿಸಂ’ ಎಂಬುದೇ ಸರಿಯಾದ ಹೆಸರೆಂದು ವಾದಿಸಿದರು. ಭೇದ ಪದದ್ದಷ್ಟೇ ಅಲ್ಲ. ಕಾರ್ಮಿಕರಲ್ಲಿ ಹಿಂದಿನಿಂದಲೂ ಬಲಕ್ಕೆ ಮತ ಹಾಕುತ್ತಿದ್ದವರಿದ್ದರು. ಎಡದ ಸಂಸ್ಕಾರವೇ ಇಲ್ಲದೆ ಬೆಳೆದ ಕಿರಿಯ ತಲೆಮಾರಿತ್ತು. ಎಡವನ್ನು ಬಿಟ್ಟವರಲ್ಲಿ ಅನೇಕರು ಯಾರಿಗೂ ಮತ ಹಾಕದೆ ಮನೆಯಲ್ಲುಳಿದರು. ಎರಿಬೋನರ ಮನೆಯ ಕತೆ ನಿಜ. ಅದು ಎಲ್ಲರ ಮನೆಯ ಕತೆ ಎನ್ನುವುದು ಬೇರೆ ಪ್ರತಿಪಾದನೆ. ಅದನ್ನು ಅವರಿಗಿಂತ ಹೆಚ್ಚಾಗಿ ಮಾಡಿದವರು ಅವರ ಓದುಗರು.

ಅದೇ ರೀತಿ, ಆ ಬಡಾವಣೆಗಳಲ್ಲಿ ಅಕ್ಕಪಕ್ಕ ಬಾಳಿದ ಉತ್ತರ ಆಫ್ರಿಕಾ ಮೂಲದ ಕುಟುಂಬಗಳು ಕೃತಿಯಲ್ಲಿ ಹೆಚ್ಚಾಗಿ ಇತರರ ದ್ವೇಷದ ಗುರಿಯಾಗಿ ಬರುತ್ತವೆ. ಅವರೂ ಕಾರ್ಖಾನೆಯಲ್ಲಿ ದುಡಿದವರು, ಅವರೂ ಕಾರ್ಮಿಕವರ್ಗವೇ. ಅವರ ಮತ, ಅವರ ಮೌನ, ಅವರ ಮಕ್ಕಳ ಶಾಲೆಯ ಮಾತು ಇಲ್ಲಿ ಕೇಳಿಸುವುದಿಲ್ಲ. ವರ್ಗದ ಭಾಷೆಯನ್ನು ಮರಳಿ ತರಬೇಕೆನ್ನುವ ಕೃತಿ ಆ ಭಾಷೆಯ ‘ನಾವು’ವಿನಲ್ಲಿ ಯಾರುಯಾರು ಸೇರಿದ್ದಾರೆಂಬುದನ್ನು ಇನ್ನಷ್ಟು ವಿವರವಾಗಿ ಹೇಳಬೇಕಿತ್ತು.

ಗಟ್ಟಿಯಾದ ‘ನಾವು’ ಕಾಪಾಡುತ್ತದೆಯೆ?

ಮೂರನೆಯ ಆಕ್ಷೇಪ ಸಿದ್ಧಾಂತದ್ದು, ನುಡಿ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಹತ್ತಿರವಾದದ್ದು. ಒಟ್ಟಾಗಿ ‘ನಾವು’ ಎನ್ನಬಲ್ಲ ಗುಂಪು ತೀವ್ರ ಬಲಪಂಥಕ್ಕೆ ಒಲಿಯದು, ಚದುರಿದ ಒಂಟಿಗಳು ಒಲಿಯುತ್ತಾರೆ ಎಂಬುದು ಎರಿಬೋನರ ಭೇದದಿಂದ ಹೊರಡುವ ಸೂಚನೆ. ರೊಮೇನಿಯಾದ ಹಂಗೇರಿಯನ್ ಅಲ್ಪಸಂಖ್ಯಾತರ ಉದಾಹರಣೆಯನ್ನು ನೋಡೋಣ. 2025ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ರಾಷ್ಟ್ರವಾದಿ ಜಾರ್ಜೆ ಸಿಮಿಯೋನ್ ಸುಮಾರು ಶೇ. 41 ಪಡೆದರೆ, ಅವರ ವಿರೋಧಿಗಳಾದ ನಿಕುಶೋರ್ ಡಾನ್ ಮತ್ತು ಕ್ರಿನ್ ಆಂತೊನೆಸ್ಕು ತಲಾ ಶೇ. 20ರ ಆಸುಪಾಸಿನಲ್ಲಿ ಹಂಚಿಹೋಗಿದ್ದರು. ಹಂಗೇರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಸಿಮಿಯೋನ್ ಬಗೆಗೆ ಮೆಚ್ಚುಗೆಯ ಮಾತಾಡಿದರು. ಆದರೂ ಹಂಗೇರಿಯನ್ನರ ಪಕ್ಷ ಡಾನ್ ಪರ ಕರೆ ಕೊಟ್ಟಿತು. ಮೇ 18ರ ಎರಡನೆಯ ಸುತ್ತಿನಲ್ಲಿ ಹಂಗೇರಿಯನ್ ಭಾಷಿಕರೇ ಹೆಚ್ಚಿರುವ ಹರ್ಗೀತಾ ಜಿಲ್ಲೆಯಲ್ಲಿ ಸುಮಾರು ಶೇ. 90 ಮತ ಡಾನ್ ಅವರಿಗೆ ಬಿದ್ದಿತು. ಅವರು ಒಟ್ಟಾರೆ ಶೇ. 53.6 ಪಡೆದು ಗೆದ್ದರು. ತನ್ನದೇ ಭಾಷೆ, ಶಾಲೆ, ಸಂಘಟನೆಯುಳ್ಳ ‘ನಾವು’ ಇಲ್ಲಿ ಗೋಡೆಯಾಗಿ ನಿಂತಿತು. ಇಷ್ಟಕ್ಕೆ ನಿಲ್ಲಿಸಿದರೆ ಎರಿಬೋನರ ಮಾತು ಸಾಬೀತಾದಂತೆ.

ಆದರೆ ಹಂಗೇರಿಯ ಹೊರಗೆ ನೆಲೆಸಿ ಆ ದೇಶದ ಪೌರತ್ವ ಪಡೆದವರ ಅಂಚೆಮತಗಳು, ಇದರಲ್ಲಿ ರೊಮೇನಿಯಾದವರ ಪಾಲು ದೊಡ್ಡದು, 2022ರ ಹಂಗೇರಿಯ ಚುನಾವಣೆಯಲ್ಲಿ ಶೇ. 90ಕ್ಕೂ ಹೆಚ್ಚು ಪ್ರಮಾಣದಲ್ಲಿ ಓರ್ಬಾನ್ ಪಕ್ಷಕ್ಕೇ ಹೋಗಿದ್ದವು. ತಮ್ಮನ್ನು ಅಂಚಿಗೆ ತಳ್ಳುವ ರಾಷ್ಟ್ರವಾದವನ್ನು ತಡೆದ ಅದೇ ‘ನಾವು’, ತಮ್ಮನ್ನು ಅಪ್ಪಿಕೊಳ್ಳುವ ರಾಷ್ಟ್ರವಾದಕ್ಕೆ ಒಲಿದಿತ್ತು. ಹೀಗೆ, ಗುಂಪಿನ ಗಟ್ಟಿತನವೊಂದೇ ಮತದ ದಿಕ್ಕನ್ನು ನಿರ್ಧರಿಸುವುದಿಲ್ಲ. ‘ನಾವು’ ಎಂಬುದು ಯಾರ ಎದುರು ಹೇಳಿದ್ದು ಎಂಬುದೂ ನಿರ್ಧರಿಸುತ್ತದೆ. ಭಾಷಾ ಸಮುದಾಯದ ಒಗ್ಗಟ್ಟನ್ನು ತನ್ನಷ್ಟಕ್ಕೇ ಪ್ರಜಾಸತ್ತೆಯ ಕವಚವೆಂದು ಭಾವಿಸುವ ನಮ್ಮ ಅಧ್ಯಯನಗಳೂ ಈ ಎರಡು ಮತಗಳನ್ನು ಒಟ್ಟಿಗೇ ಓದಬೇಕು.

ಒಗ್ಗಟ್ಟಿನ ಆಯಸ್ಸು

ಲೆಕ್ಕದ ದಾರಿ ಸಂಪೂರ್ಣ ಸುಳ್ಳಲ್ಲ ಎಂಬುದಕ್ಕೆ ಫ್ರಾನ್ಸೇ ಮತ್ತೆ ಸಾಕ್ಷಿ. 2022ರಲ್ಲಿ ಎಡದ ಮೆಲಾಂಶೋಂ ಶೇ. 21.95 ಪಡೆದು, ಸುಮಾರು 4.2 ಲಕ್ಷ ಮತಗಳಿಂದ ಎರಡನೆಯ ಸುತ್ತನ್ನು ಕಳೆದುಕೊಂಡರು; ಕಮ್ಯುನಿಸ್ಟ್ ಅಭ್ಯರ್ಥಿಗೆ 8 ಲಕ್ಷ ಬಂದಿತ್ತು. ಇಪ್ಪತ್ತು ವರ್ಷಗಳ ಪಾಠ ಕಲಿತಂತಾಗಿರಲಿಲ್ಲ. 2024ರ ಜೂನ್ 9ರಂದು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ನ್ಯಾಷನಲ್ ರ‍್ಯಾಲಿ ಶೇ. 31ಕ್ಕೂ ಹೆಚ್ಚು ಮತ ಗಳಿಸಿ, ಅಧ್ಯಕ್ಷ ಮ್ಯಾಕ್ರನ್ ರಾಷ್ಟ್ರೀಯ ಸಭೆಯನ್ನು ವಿಸರ್ಜಿಸಿದಾಗ ಮಾತ್ರ ಎಡಪಕ್ಷಗಳು ಕೆಲವೇ ದಿನಗಳಲ್ಲಿ ‘ಹೊಸ ಜನರಂಗ’ ಕಟ್ಟಿಕೊಂಡವು. ಮೊದಲ ಸುತ್ತಿನಲ್ಲಿ ಮುಂದಿದ್ದ ಬಲಪಂಥವನ್ನು ತಡೆಯಲು ಎಡದ ಮತ್ತು ಮಧ್ಯಪಂಥದ 200ಕ್ಕೂ ಹೆಚ್ಚು ಅಭ್ಯರ್ಥಿಗಳು ಹಿಂದೆ ಸರಿದರು. ಜುಲೈ 7ರಂದು ನ್ಯಾಷನಲ್ ರ‍್ಯಾಲಿ ಸ್ಥಾನಗಳ ಲೆಕ್ಕದಲ್ಲಿ ಮೂರನೆಯದಾಯಿತು. ಆದರೆ ಆ ಒಗ್ಗಟ್ಟು ಸರ್ಕಾರವಾಗಲಿಲ್ಲ. ಮರುವರ್ಷದ ಆರಂಭದ ಅವಿಶ್ವಾಸ ನಿರ್ಣಯಗಳ ಹೊತ್ತಿಗೇ ಸಮಾಜವಾದಿಗಳೂ ಮೆಲಾಂಶೋಂ ಪಕ್ಷದವರೂ ಬೇರೆ ಬೇರೆ ಕಡೆ ನಿಂತಿದ್ದರು. ಹಿಂದೆ ಸರಿಯುವುದರಿಂದ ಒಂದು ಭಾನುವಾರವನ್ನು ಗೆಲ್ಲಬಹುದು. ಆ ಭಾನುವಾರ ತನಗಿಷ್ಟವಿಲ್ಲದ ಅಭ್ಯರ್ಥಿಗೆ ಮತ ಹಾಕಿ ಬಂದವನಿಗೆ ಮರುದಿನ ಹೇಳಲು ಏನಿದೆ ಎಂಬ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿಲ್ಲ. ಅಲ್ಲಿ ‘ರೀಮ್ಸಿಗೆ ಮರಳಿ’ ಮತ್ತೆ ಬೇಕಾಗುತ್ತದೆ.

ಎರಿಬೋನ್ 2023ರಲ್ಲಿ ತಾಯಿಯ ಮುಪ್ಪು ಮತ್ತು ಮರಣವನ್ನು ಕುರಿತು ಇನ್ನೊಂದು ಕೃತಿ ಬರೆದರು. ಹಾಸಿಗೆ ಹಿಡಿದ ವೃದ್ಧರು ಸಂಘ ಕಟ್ಟಲಾರರು, ಮೆರವಣಿಗೆ ಹೋಗಲಾರರು, ಒಟ್ಟಾಗಿ ‘ನಾವು’ ಎನ್ನಲಾರರು. ಹಾಗಾದರೆ ಅವರ ಪರವಾಗಿ ಮಾತಾಡುವವರು ಯಾರು ಎಂಬುದು ಅದರ ಪ್ರಶ್ನೆ. ಹಿಂದಿನ ಕೃತಿಯ ದೊಡ್ಡ ತೊಡಕನ್ನು ಲೇಖಕರು ಇಲ್ಲಿ ಎದುರುಗೊಳ್ಳುತ್ತಾರೆ. ಮೊದಲ ಕೃತಿಯಲ್ಲಿ ತಾಯಿಯ ಮತಕ್ಕೆ ಅರ್ಥ ಹೇಳಿದವರು, ಆ ಅರ್ಥದ ಭಾಷೆಯನ್ನು ಪ್ಯಾರಿಸಿನಲ್ಲಿ ಕಲಿತ ಮಗ. ತಾಯಿ ಕೊಟ್ಟ ಕಾರಣ ಒಂದೇ, ಎಚ್ಚರಿಕೆ ಎಂಬುದು. ಉಳಿದ ಸಿದ್ಧಾಂತವೆಲ್ಲ ಮಗನದು. ಆಕೆಯ ಒಂದು ಮಾತು ಮತ್ತು ಅದರ ಮೇಲೆ ಕಟ್ಟಿದ ಇಷ್ಟು ಪುಟಗಳ ನಡುವಿನ ಈ ಅಸಮತೆಯನ್ನು ಬಚ್ಚಿಡದೆ ಉಳಿಸಿರುವುದು ಕೃತಿಯ ಪ್ರಾಮಾಣಿಕತೆ. ಅದನ್ನು ಮರೆತು ಸಿದ್ಧಾಂತವನ್ನಷ್ಟೇ ಎತ್ತಿಕೊಂಡದ್ದು ಅದರ ಖ್ಯಾತಿಯ ದೋಷ.

ಆದ್ದರಿಂದ ಈ ಕೃತಿಯನ್ನು ತೀವ್ರ ಬಲಪಂಥದ ಬೆಳವಣಿಗೆಗೆ ಸಿದ್ಧ ಉತ್ತರವೆಂದು ಓದುವುದಕ್ಕಿಂತ, ಮನೆಯ ಮಾತನ್ನು ಬಿಟ್ಟು ವಿದ್ವತ್ತಿನ ಮಾತನ್ನು ಗಳಿಸಿದವರು ತಾವು ಬಿಟ್ಟುಬಂದವರ ಬಗೆಗೆ ಎಷ್ಟನ್ನು ಹೇಳಬಲ್ಲರು ಎಂಬುದರ ಪರೀಕ್ಷೆಯಾಗಿ ಓದುವುದು ಹೆಚ್ಚು ಫಲಕಾರಿ. ಮತಪಟ್ಟಿಯ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಅದರ ಎಷ್ಟೋ ತೀರ್ಮಾನಗಳು ಸಡಿಲವಾಗುತ್ತವೆ, ಆದರೆ ಅದರ ಪ್ರಶ್ನೆ ಸಡಿಲವಾಗುವುದಿಲ್ಲ. ಎರಡು ನುಡಿಗಳಲ್ಲಿ ಬದುಕಿ ಒಂದರಲ್ಲಿ ಮಾತ್ರ ಪ್ರಬಂಧ ಬರೆಯುವ ಯಾವ ಅಧ್ಯಾಪಕನೂ, ತನ್ನ ಊರಿನ ಮತವನ್ನು ವಿವರಿಸಲು ಕುಳಿತಾಗ, ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ.